ನೆಲ ಮುಟ್ಟಿದ ಮೇಲೆ ತಿರುಗುವ ವಿಮಾನ

ಮೈಸೂರಿನಿಂದ ನಂಜನಗೂಡಿಗೆ ಹೊರಟ ಬಸ್ಸು ಮಂಡಕಳ್ಳಿ ದಾಟುವಾಗ ಮಕ್ಕಳೆಲ್ಲ ಕಿಟಕಿಯತ್ತ ಕತ್ತು ಚಾಚುತ್ತಾರೆ. ಮೈಸೂರು ಸಂಸ್ಥಾನ 1940ರಲ್ಲಿ ಕಟ್ಟಿಸಿದ, 2010ರಲ್ಲಿ ಹೊಸ ರೂಪದಲ್ಲಿ ತೆರೆದ ವಿಮಾನ ನಿಲ್ದಾಣ ಅಲ್ಲಿದೆ. ಮಗಳೋ ಮಗನೋ ಪೈಲಟ್ ಆಗುತ್ತೇನೆಂದರೆ ಹೆತ್ತವರು ಮೊದಲು ಹೆದರುವುದು ಎತ್ತರಕ್ಕೆ. ಅದರಲ್ಲಿ ತಪ್ಪೇನಿಲ್ಲ. 2023ರ ಜೂನ್ 1ರಂದು ನೆರೆಯ ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದದ್ದು ಈ ಸೀಮೆಯವರಿಗೆ ನೆನಪಿದೆ. ಅದರಲ್ಲಿದ್ದ ಇಬ್ಬರೂ ಪೈಲಟ್‌ಗಳು ಆಸನಸಮೇತ ಚಿಮ್ಮಿ ಹೊರಬಂದು ಬದುಕಿದರು. ಆದರೆ ಹಳೆಯ ತರಬೇತಿ ವಿಮಾನಗಳಲ್ಲಿ ಕಲಿತವರನ್ನು ಹೆಚ್ಚು ಕಾಡುತ್ತಿದ್ದುದು ಎತ್ತರವಲ್ಲ. ಚಕ್ರ ನೆಲ ಮುಟ್ಟಿದ ಮೇಲಿನ ಕೆಲವೇ ಸೆಕೆಂಡುಗಳು.

ಉದಾಹರಣೆಗೆ ನಮ್ಮದೇ ಎಚ್‌ಟಿ-2. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. 170ಕ್ಕೂ ಹೆಚ್ಚು ತಯಾರಾದವು. ಎರಡು ದೊಡ್ಡ ಚಕ್ರ ಮುಂದೆ, ಪುಟ್ಟದೊಂದು ಬಾಲದಡಿ. ವಿಮಾನದ ಗುರುತ್ವಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದೆ. ತೊಂದರೆಯ ಬೀಜ ಇರುವುದು ಇಲ್ಲೇ.

ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳನ್ನು ನೋಡಿ. ಮುಂದೆ ಎಳೆಯುವಾಗ ಟ್ರೇಲರ್ ಹಸುವಿನಂತೆ ಹಿಂಬಾಲಿಸುತ್ತದೆ. ರಿವರ್ಸ್ ಹಾಕಿದೊಡನೆ ಅದೇ ಟ್ರೇಲರ್ ಹಠ ಹಿಡಿಯುತ್ತದೆ. ಕೊಂಚ ಓರೆಯಾಯಿತೋ, ಓರೆ ಇನ್ನಷ್ಟು ಹೆಚ್ಚಿ ಕಡೆಗೆ ಮಡಚಿಕೊಳ್ಳುತ್ತದೆ. ನೆಲದ ಮೇಲೆ ಓಡುವ ಎಚ್‌ಟಿ-2ರ ಪಾಡೂ ಹೀಗೆಯೇ. ಚಕ್ರ ಮುಂದೆ, ತಳ್ಳುವ ಭಾರ ಹಿಂದೆ. ಮೂಗು ಸ್ವಲ್ಪ ಪಕ್ಕಕ್ಕೆ ಹೊರಳಿದರೆ ಹಿಂದಿನ ಭಾರ ಚಕ್ರಗಳನ್ನು ದಾಟಿ ಮುಂದೆ ಹೋಗಲು ನೋಡುತ್ತದೆ. ವಿಮಾನ ಗಿರ್ರನೆ ಸುತ್ತಿ, ರೆಕ್ಕೆಯ ತುದಿ ನೆಲಕ್ಕೆ ಬಡಿದು, ಚಕ್ರದ ಕಾಲು ಮುರಿಯುವುದೂ ಉಂಟು. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು.

ಮೊದಲ ಓರೆ ಎಲ್ಲಿಂದ ಬರುತ್ತದೆ? ಇದನ್ನು ತಿಳಿಯಲು ಕಪಿಲೆಯ ಜೊತೆ ಸುತ್ತೂರು ದಾಟಿ ತಿ. ನರಸೀಪುರಕ್ಕೆ ಹೋಗಬೇಕು. ಕಾವೇರಿ ಸೇರುವ ಮುನ್ನ ಅಲ್ಲಿ ಗುಂಜಾ ನರಸಿಂಹಸ್ವಾಮಿಯ ದಡದಿಂದ ಎದುರಿನ ಅಗಸ್ತ್ಯೇಶ್ವರನತ್ತ ಹೊಳೆ ದಾಟುವ ದೋಣಿಯನ್ನು ಊಹಿಸಿಕೊಳ್ಳಿ. ನೇರ ಹೋಗಬೇಕಾದರೆ ಅಂಬಿಗ ದೋಣಿಯ ಮೂತಿಯನ್ನು ಪ್ರವಾಹದ ಎದುರಿಗೆ ತುಸು ತಿರುಗಿಸಬೇಕು. ಅಡ್ಡಗಾಳಿಯಲ್ಲಿ ಇಳಿಯುವ ವಿಮಾನವೂ ಮೂಗನ್ನು ಗಾಳಿಯತ್ತ ತಿರುಗಿಸಿಕೊಂಡೇ ಬರುತ್ತದೆ. ಮಂಡಕಳ್ಳಿಯ ಓಡುದಾರಿ ಪೂರ್ವ-ಪಶ್ಚಿಮ. ಮುಂಗಾರಿನ ಗಾಳಿ ಅದಕ್ಕೆ 30 ಡಿಗ್ರಿ ಓರೆಯಾಗಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬೀಸಿತೆನ್ನಿ. ಸೈನ್ 30 ಎಂದರೆ ಅರ್ಧ. ಅಡ್ಡಗಾಳಿ 15 ಕಿ.ಮೀ. ತ್ರಿಕೋನಮಿತಿ ಯಾವ ಕೆಲಸಕ್ಕೆ ಎಂದು ಕೇಳುವ ಹತ್ತನೆಯ ತರಗತಿಯವರಿಗೆ ಇದು ಉತ್ತರವಾದೀತು. ದೋಣಿ ಓರೆಯಾಗಿ ದಡ ಮುಟ್ಟಿದರೆ ನಷ್ಟವಿಲ್ಲ. ವಿಮಾನ ಮಾತ್ರ ನೆಲ ಮುಟ್ಟುವ ಗಳಿಗೆಯಲ್ಲಿ ನೆಟ್ಟಗಾಗಲೇಬೇಕು. ಇಲ್ಲವಾದರೆ ಚಕ್ರಗಳು ಒಂದು ದಿಕ್ಕು, ಭಾರ ಇನ್ನೊಂದು ದಿಕ್ಕು.

ಇನ್ನೊಂದು ಪೇಚು ಇದೆ. ಮೂಗನ್ನು ಸರಿಪಡಿಸುವ ಬಾಲದ ಚುಕ್ಕಾಣಿಗೆ ಬಲ ಕೊಡುವುದು ಗಾಳಿಯ ಹರಿವು. ವೇಗ ಅರ್ಧವಾದರೆ ಆ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ವಿಮಾನ ನಿಧಾನವಾದಂತೆ ಹಿಡಿತ ಸಡಿಲ! ‘ಇಳಿದಾಯಿತಲ್ಲ’ ಎಂದು ಕಲಿಯುವವನು ಉಸಿರು ಬಿಡುವ ಹೊತ್ತೇ ಅತ್ಯಂತ ನಾಜೂಕಿನದು. ಓರೆ ಕಣ್ಣಿಗೆ ಬೀಳುವ ಮೊದಲೇ ಪಾದಗಳು ಪೆಡಲನ್ನು ಚಿಕ್ಕದಾಗಿ, ಚುರುಕಾಗಿ ಒತ್ತಬೇಕು. ತಡವಾಗಿ ಜೋರಾಗಿ ಒತ್ತಿದರೆ ವಿಮಾನ ಎದುರು ಬದಿಗೆ ಹೊರಳುತ್ತದೆ.

1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32ಕ್ಕೆ ಮೂಗಿನಡಿ ಚಕ್ರ ಬಂತು. ಗುರುತ್ವಕೇಂದ್ರ ದೊಡ್ಡ ಚಕ್ರಗಳ ಮುಂದಕ್ಕೆ ಸರಿದು, ಎಳೆಯುವ ಟ್ರೇಲರಿನಂತೆ ವಿಮಾನ ತಾನೇ ನೆಟ್ಟಗಾಗತೊಡಗಿತು. ಹಾಗೆಂದು ಕಷ್ಟ ತೀರಲಿಲ್ಲ. ಎಂಜಿನ್ ಕೈಕೊಡುವ ದೂರುಗಳಿದ್ದ ಆ ವಿಮಾನಗಳ ಹಾರಾಟವನ್ನು 2009ರಲ್ಲಿ ನಿಲ್ಲಿಸಬೇಕಾಯಿತು.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಶಾಲಾ ಪ್ರವಾಸ ಹೋದವರು ಎಚ್‌ಟಿ-2ನ್ನು ಬದಿಯಿಂದ ನೋಡಬೇಕು. ಬಾಲ ನೆಲಕ್ಕೆ ಬಾಗಿದೆ, ಮೂಗು ಆಕಾಶಕ್ಕೆ ಎದ್ದಿದೆ. ಆ ಭಂಗಿಯಲ್ಲಿ ಓಡುವಾಗ ಎದುರಿನ ದಾರಿಯನ್ನು ಮೂಗೇ ಮರೆಮಾಡುತ್ತದೆ. ಪೈಲಟ್ ಅಕ್ಕಪಕ್ಕದ ಅಂಚುಗಳನ್ನು ನೋಡಿಕೊಂಡೇ ವಿಮಾನವನ್ನು ನೆಟ್ಟಗೆ ಇಡಬೇಕಾಗಿತ್ತು.