ಎಷ್ಟು, ಯಾವುದು, ಎಲ್ಲಿ: ಕಾಣದ ಬೆಳಕನ್ನು ಅಳೆಯುವ ಮುಂಚೆ

ಮನೆಯ ಮೂಲೆಯ ವೈಫೈ ಪೆಟ್ಟಿಗೆಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯೊಂದು ಬಂದು ಸೇರುತ್ತದೆ. ಅದರೊಳಗೆ ಬೆಳಕು ಓಡುತ್ತಿರುತ್ತದೆ, ಆದರೆ ನಮಗೆ ಕಾಣುವ ಬೆಳಕಲ್ಲ. ನಮ್ಮ ಕಣ್ಣು ಸುಮಾರು 700 ನ್ಯಾನೋಮೀಟರ್ ತರಂಗಾಂತರಕ್ಕೆ ಸೋಲುತ್ತದೆ. ಫೈಬರಿನ ಬೆಳಕು ಇರುವುದು 1310, 1490, 1550ರಲ್ಲಿ. ಕಾಣದಿದ್ದರೂ ಅದು ಕಣ್ಣಿಗೆ ಹಾನಿ ಮಾಡಬಲ್ಲದು, ಆದ್ದರಿಂದ ಎಳೆಯ ತುದಿಗೆ ಕಣ್ಣಿಟ್ಟು ನೋಡಲೇಬಾರದು. ಹೀಗಾಗಿ ಈ ಬೆಳಕಿನ ಬಗ್ಗೆ ತಿಳಿಯುವುದೆಲ್ಲ ಉಪಕರಣದ ಬಾಯಿಂದಲೇ. ಯಾವ ಉಪಕರಣವನ್ನು ನಂಬುವುದು?

ಇದು ನನ್ನ ತಲೆಗೆ ಬಂದದ್ದು ಚಿಕ್ಕಮ್ಮನ ಮಗನಿಂದ. ಗದಗದ ಕಡೆ ಕೆಲವು ಹಳ್ಳಿಗಳಿಗೆ ಅವನು ಕೇಬಲ್ ಟಿವಿ ಮತ್ತು ಇಂಟರ್ನೆಟ್ ಕೊಡುತ್ತಾನೆ. ಮಳೆಗಾಲ ಬಂತೆಂದರೆ ದೂರುಗಳು ಶುರು. ಉಪಕರಣ ಮಾರುವವರೊಬ್ಬರು ಓಟಿಡಿಆರ್ ಕೊಳ್ಳಲು ಹೇಳಿದ್ದರು. ಸಾದಾ ಪವರ್ ಮೀಟರ್ ಕೆಲವು ಸಾವಿರಕ್ಕೆ ಸಿಕ್ಕರೆ, ಒಳ್ಳೆಯ ಓಟಿಡಿಆರ್ ಲಕ್ಷಗಳಿಗೆ ಏರುತ್ತದೆ. ಚಿಕ್ಕಮ್ಮ ಬಂಗಾರ ಅಡ ಇಡಲು ತಯಾರಾಗಿದ್ದರು. "ಅಕ್ಕಾ, ಇದೊಂದ್ ತಗೊಂಡ್ರ ಎಲ್ಲಾ ಮುಗೀತು ಅಂತಾರ. ಅದರಾಗ ಏನ್ ಬರದಾರ, ನೀ ಒಂದ್ ಸಲ ಓದಿ ಹೇಳು" ಎಂದು ಫೋನ್ ಮಾಡಿ ನಾಲ್ಕು ಇಂಗ್ಲಿಷ್ ಡೇಟಾಶೀಟ್ ಕಳಿಸಿದ.

ನಾನು ಪುಣೆಯಲ್ಲಿ ಕೂತು ಅನುವಾದ ಮಾಡಿ ಬದುಕುವವಳು, ಓದಿದ್ದು ಭಾಷಾಶಾಸ್ತ್ರ. ಕೈಪಿಡಿಗಳನ್ನು ಕನ್ನಡಕ್ಕೆ ತಂದ ಅನುಭವ ಇತ್ತಾದ್ದರಿಂದ ಒಂದು ವಾರ ಇದರ ಹಿಂದೆ ಬಿದ್ದೆ. ಓದುತ್ತಾ ಹೋದಂತೆ ನನಗೆ ಕಂಡದ್ದು ನನ್ನ ವಿಷಯವೇ: ಒಂದೊಂದು ಉಪಕರಣವೂ ಒಂದೊಂದು ಪ್ರಶ್ನೆಪದಕ್ಕೆ ಉತ್ತರ ಕೊಡುತ್ತದೆ. 'ಎಷ್ಟು' ಎಂದು ಕೇಳಬೇಕಾದವರಿಗೆ 'ಎಲ್ಲಿ' ಎಂದು ಹೇಳುವ ಯಂತ್ರವನ್ನು ಮಾರಿದರೆ, ಅದು ಎಷ್ಟೇ ಒಳ್ಳೆಯದಿದ್ದರೂ ದಂಡವೇ.

ಮೊದಲು 'ಎಷ್ಟು'. ಇದಕ್ಕೆ ಉತ್ತರ ಪವರ್ ಮೀಟರ್. ಅದು ಡಿಬಿಎಂ ಎಂಬ ಅಳತೆಯಲ್ಲಿ ಮಾತಾಡುತ್ತದೆ. ಸೊನ್ನೆ ಡಿಬಿಎಂ ಅಂದರೆ ಒಂದು ಮಿಲಿವಾಟ್. ಅಲ್ಲಿಂದ 10 ಇಳಿದರೆ ಹತ್ತನೇ ಒಂದು ಭಾಗ, 20 ಇಳಿದರೆ ನೂರನೇ ಒಂದು ಭಾಗ. 3 ಇಳಿದರೆ ಸುಮಾರು ಅರ್ಧ. ಡಿಬಿಎಂ ಎಂದರೆ 'ಇಲ್ಲಿ ಇಷ್ಟಿದೆ'. ಬರೀ ಡಿಬಿ ಎಂದರೆ 'ಅಲ್ಲಿಗಿಂತ ಇಲ್ಲಿ ಇಷ್ಟು ಕಡಿಮೆ'. ಒಂದು ಇರುವ ದುಡ್ಡು, ಇನ್ನೊಂದು ಆದ ನಷ್ಟ.

ಮನೆಗಳಿಗೆ ಮುಟ್ಟುವ ಬೆಳಕು ಯಾವಾಗಲೂ ಮೈನಸ್‌ನಲ್ಲಿರುತ್ತದೆ. ಆದರೆ ತಮ್ಮನ ಹುಡುಗರು ಮೈನಸ್ ಎಂಬ ಪದವನ್ನು ಉಚ್ಚರಿಸುವುದೇ ಇಲ್ಲ. "ಹತ್ತೊಂಬತ್ತು ಐತ್ರಿ, ಚಲೋ ಐತಿ", "ಇಪ್ಪತ್ತೇಳಕ್ಕ ಹೋಗೇತಿ" ಎನ್ನುತ್ತಾರೆ. ಅವರ ಮಾತಿನಲ್ಲಿ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಎಲ್ಲರಿಗೂ ಗೊತ್ತಿರುವುದನ್ನು ನಾಲಿಗೆ ಬಿಟ್ಟುಬಿಡುತ್ತದೆ, ಅದು ಭಾಷೆಯ ಸ್ವಭಾವ. ಹೊಸ ಹುಡುಗ ಬಂದಾಗ ಮಾತ್ರ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಅಂಕಿ ಎಷ್ಟಿರಬೇಕು ಎಂಬುದನ್ನು ಕಾಗದದ ಮೇಲೆ ಕೂಡಿ ಕಳೆದರೆ ಸಿಗುತ್ತದೆ. ಆಫೀಸಿನಿಂದ ಪ್ಲಸ್ 3 ಹೊರಟಿತು ಅನ್ನಿ. ಬೆಳಕನ್ನು ಎಂಟು ದಾರಿಗೆ ಹಂಚುವ ಸ್ಪ್ಲಿಟರ್ ಸುಮಾರು 10 ಡಿಬಿ ತಿನ್ನುತ್ತದೆ, ಮುಂದೆ ನಾಲ್ಕು ದಾರಿಗೆ ಹಂಚುವುದು ಸುಮಾರು 7. ಐದು ಕಿಲೋಮೀಟರ್ ಗಾಜಿಗೆ ಒಂದೂವರೆ, ಜೋಡಣೆ ಮತ್ತು ಕನೆಕ್ಟರ್‌ಗಳಿಗೆ ಎರಡೋ ಎರಡೂವರೆಯೋ. ಒಟ್ಟು ಸುಮಾರು 21 ಹೋಗಿ ಮೈನಸ್ 18 ಉಳಿಯಬೇಕು. ಸಾಮಾನ್ಯ ಜಿಪಾನ್ ಪೆಟ್ಟಿಗೆ ಮೈನಸ್ 27ರವರೆಗೆ ತಡೆದುಕೊಳ್ಳುತ್ತದೆ. ಹಾಗಾಗಿ ಮೈನಸ್ 24 ಬಂದರೂ ಇಂಟರ್ನೆಟ್ ನಡೆಯುತ್ತದೆ, ಯಾರೂ ದೂರು ಕೊಡುವುದಿಲ್ಲ. ಆದರೆ ಬರಬೇಕಾದದ್ದರಲ್ಲಿ ಕಾಲು ಭಾಗ ಮಾತ್ರ ಬರುತ್ತಿದೆ. ಮುಂದಿನ ಮಳೆಗೆ ಕೈಕೊಡುವ ಮನೆ ಅದು.

ಎರಡನೆಯದು 'ಯಾವುದು'. ತಮ್ಮನ ವಿಷಯದಲ್ಲಿ ಇದೇ ಮುಖ್ಯವಾಗಿತ್ತು, ಮಾರುವವರು ಇದರ ಮಾತೇ ಎತ್ತಿರಲಿಲ್ಲ. ಅವನ ಎಳೆಯಲ್ಲಿ ಇಂಟರ್ನೆಟ್ 1490ರಲ್ಲಿ ಬರುತ್ತದೆ, ಟಿವಿ 1550ರಲ್ಲಿ. ಸಾದಾ ಪವರ್ ಮೀಟರ್ ಎರಡನ್ನೂ ಒಟ್ಟಿಗೆ ನುಂಗಿ ಒಂದೇ ಅಂಕಿ ತೋರಿಸುತ್ತದೆ. ತರಂಗಾಂತರದ ಗುಂಡಿ ಒತ್ತಿದರೆ ಲೆಕ್ಕದ ತಿದ್ದುಪಡಿ ಬದಲಾಗುತ್ತದೆಯೇ ಹೊರತು ಬೆಳಕು ಬೇರೆಯಾಗುವುದಿಲ್ಲ. ಟಿವಿಯದು ಮೈನಸ್ 5, ಇಂಟರ್ನೆಟ್ಟಿನದು ಮೈನಸ್ 19 ಇದ್ದರೆ ಮೊದಲನೆಯದು ಇಪ್ಪತ್ತೈದು ಪಟ್ಟು ಜಾಸ್ತಿ. ಇಂಟರ್ನೆಟ್ ಪೂರಾ ನಿಂತರೂ ಮೀಟರ್ 'ಚಲೋ ಐತಿ' ಎಂದೇ ಹೇಳುತ್ತದೆ.

ಎರಡನ್ನೂ ಬಿಡಿಸಿ ತೋರಿಸುವುದು ಪಾನ್ ಪವರ್ ಮೀಟರ್. ಎಳೆಯ ನಡುವೆ ಸೇರಿಸುವಂಥದ್ದಾದರೆ ಮನೆಯಿಂದ ಹಿಂದಕ್ಕೆ ಹೋಗುವ 1310ರ ಬೆಳಕನ್ನೂ ಅಳೆಯುತ್ತದೆ. ಮನೆಯ ಪೆಟ್ಟಿಗೆ ಆಫೀಸಿನಿಂದ ಸರದಿ ಸಿಕ್ಕಾಗಷ್ಟೇ ಮಾತಾಡುತ್ತದೆ, ಎಳೆ ಕಿತ್ತರೆ ಸುಮ್ಮನಾಗುತ್ತದೆ. ಅದಕ್ಕೇ ನಡುವೆ ನಿಂತು ಕೇಳಿಸಿಕೊಳ್ಳುವ ಮೀಟರ್ ಬೇಕು. ಜೊತೆಗೆ, ಟಿವಿಯ ಆಂಪ್ಲಿಫೈಯರ್ ಬಳಿ ಬೆಳಕು ಪ್ಲಸ್ 20ರ ಆಸುಪಾಸು ಇರಬಹುದು. ಪ್ಲಸ್ 10ರವರೆಗೆ ಮಾತ್ರ ಅಳೆಯುವ ಮೀಟರ್ ಅಲ್ಲಿ ಕೆಲಸಕ್ಕೆ ಬಾರದು, ಕೆಟ್ಟೂ ಹೋಗಬಹುದು.

ಮೂರನೆಯದು 'ಎಲ್ಲಿ'. ಓಟಿಡಿಆರ್ ಬೆಳಕಿನ ಸಣ್ಣ ತುಣುಕೊಂದನ್ನು ಕಳಿಸಿ, ಗಾಜಿನಲ್ಲಿ ಚದುರಿ ಹಿಂದಕ್ಕೆ ಬರುವ ಬೆಳಕಿಗೆ ಕಾಯುತ್ತದೆ. ಒಂದು ಮೀಟರ್ ಹೋಗಿ ಬರಲು ಸುಮಾರು 10 ನ್ಯಾನೋಸೆಕೆಂಡ್. ಆ ಲೆಕ್ಕದಲ್ಲಿ ದೂರ ಹೇಳುತ್ತದೆ. 1310 ಮತ್ತು 1550 ಎರಡರಲ್ಲೂ ಅಳೆದಾಗ 1550ರಲ್ಲಿ ಮಾತ್ರ ನಷ್ಟ ಹೆಚ್ಚಿದ್ದರೆ, ಎಲ್ಲೋ ಎಳೆ ಬಳುಕಿದೆ ಎಂದು ಅರ್ಥ. ಬಲು ಜಾಣ ಉಪಕರಣ. ಆದರೆ ತನ್ನ ಮೂಗಿನ ಕೆಳಗಿನದು ಅದಕ್ಕೆ ಕಾಣದು, ಮುಂದೆ ಉದ್ದದ ಎಳೆಯ ಸುರುಳಿಯೊಂದನ್ನು ಸೇರಿಸಬೇಕು. ಚಾಲೂ ಇರುವ ಎಳೆಗೆ ಹಚ್ಚಬೇಕಾದರೆ 1625 ಅಥವಾ 1650ರ, ಫಿಲ್ಟರ್ ಇರುವ ಮಾದರಿಯೇ ಬೇಕು. ಅದು ಹೇಳುವುದು ಗಾಜಿನ ಉದ್ದ. ಕಂಬಗಳಲ್ಲಿ ಸುತ್ತಿಟ್ಟ ಸುರುಳಿಗಳನ್ನು ಕಳೆದರೆ ಮಾತ್ರ ರಸ್ತೆಯ ಮೇಲಿನ ಜಾಗ ಸಿಗುತ್ತದೆ.

"ಹೋದ ವರ್ಷದ ದೂರುಗಳ ವಹಿ ತೆಗಿ" ಎಂದೆ ತಮ್ಮನಿಗೆ. ಊರಿಂದೂರಿಗೆ ಹೋಗುವ ದೊಡ್ಡ ಲೈನ್ ಕಡಿದದ್ದು ಎರಡು ಸಲ, ಎರಡೂ ಸಲ ಜೆಸಿಬಿ. ಅಗೆದ ಜಾಗ ಕಣ್ಣೆದುರೇ ಇತ್ತು. ಉಳಿದದ್ದೆಲ್ಲ ಕಂಬದಿಂದ ಮನೆಯೊಳಗಿನ ಐವತ್ತು, ಅರವತ್ತು ಮೀಟರಿನಲ್ಲಿ: ಧೂಳು ಹಿಡಿದ ಕನೆಕ್ಟರ್, ಬಾಗಿಲ ಸಂದಿಗೆ ಸಿಕ್ಕ ಎಳೆ, ಹಸಿರು ಕನೆಕ್ಟರಿಗೆ ನೀಲಿಯದನ್ನು ಸೇರಿಸಿದ್ದು. ಹಸಿರಿನ ತುದಿ 8 ಡಿಗ್ರಿ ಓರೆ, ನೀಲಿಯದು ಓರೆ ಇಲ್ಲ, ಎರಡೂ ಕೂಡುವುದಿಲ್ಲ. ಎಳೆಯೊಳಗೆ ಬೆಳಕು ಓಡುವ ದಾರಿಯೇ ಸುಮಾರು 9 ಮೈಕ್ರಾನ್, ಅದರ ಮೇಲೆ ಕೂತ ಒಂದು ಕಣ ಧೂಳು ಸಾಕು.

ಕೊನೆಗೆ ಅವನು ಕೊಂಡದ್ದು ಪಾನ್ ಪವರ್ ಮೀಟರ್, ಮುರಿದಲ್ಲಿ ಕೆಂಪಗೆ ಹೊಳೆಯುವ ಪೆನ್ನಿನಂಥ ಲೇಸರ್, ಕನೆಕ್ಟರ್ ಒರೆಸುವ ಸಾಮಾನು. ದೊಡ್ಡ ಲೈನ್ ಕಡಿದ ದಿನ, ಜೋಡಿಸಲು ಬರುವವರೇ ಬಾಡಿಗೆಗೆ ಓಟಿಡಿಆರ್ ತರುತ್ತಾರೆ. ಬಂಗಾರ ಚಿಕ್ಕಮ್ಮನ ಹತ್ತಿರವೇ ಇದೆ. ನಾಳೆ ಲೈನ್ ನಲವತ್ತು ಕಿಲೋಮೀಟರ್ ಆದರೆ ಈ ಲೆಕ್ಕ ಬದಲಾಗುತ್ತದೆ, ಆಗ 'ಎಲ್ಲಿ' ಎಂಬುದೇ ದಿನದ ಪ್ರಶ್ನೆಯಾಗುತ್ತದೆ.

ನೀವು ಮುಂಬೈಯಲ್ಲಿರಲಿ, ಚೆನ್ನೈಯಲ್ಲಿರಲಿ, ನಿಮ್ಮ ಮನೆಗೂ ಒಂದು ದಿನ ಮೀಟರ್ ಹಿಡಿದ ಹುಡುಗ ಬರುತ್ತಾನೆ. ರಿಪೇರಿ ಮುಗಿದ ಮೇಲೆ ಎಷ್ಟು ಬಂತು ಎಂದು ಕೇಳಿ, ಅಂಕಿಯನ್ನು ತಾರೀಕಿನೊಂದಿಗೆ ಪೆಟ್ಟಿಗೆಯ ಬೆನ್ನಿಗೆ ಬರೆದಿಡಿ. ಮುಂದಿನ ಸಲ ಬಂದವನಿಗೆ ಹೋಲಿಸಲು ಒಂದು ಅಂಕಿ ಇರುತ್ತದೆ.