ವಾಲ್ವ್ ಸೋರಿದ ಗಾಡಿ ನಮ್ಮದೇ

1/6
ನೆನಪಿದ್ಯಾ? ಹೋದ ತಿಂಗಳು ನಮ್ಮ ಕ್ಲಾಸಿನ ಹುಡುಗ ಒಬ್ಬ ಸ್ಟೋರಿ ಹಾಕಿದ್ದ. ಬನ್ನೂರು ಬಸ್ ಸ್ಟ್ಯಾಂಡ್ ಕಡೆ ಒಂದು ಸೆಪ್ಟಿಕ್ ಟ್ಯಾಂಕರ್ ಹೋಗ್ತಿದೆ, ಹಿಂದಿನಿಂದ ತೊಟ್ಟಿಕ್ಕುತ್ತಿದೆ. ಮೇಲೆ "ಥೂ, ಇವತ್ತು ಊಟ ಸೇರಲ್ಲ" ಅಂತ ಬರೆದಿದ್ದ. ನೀವೆಲ್ಲ ನಗೋ ಎಮೋಜಿ ಹಾಕಿದ್ರಿ. ನಾನೂ ಹಾಕಿದ್ದೆ.

ಆ ಗಾಡಿ ನಮ್ಮ ಮಾವಂದು. ನನ್ನ ಐಟಿಐ ಫೀಸು ಕಟ್ಟಿದ್ದು ಆ ಗಾಡಿಯ ದುಡ್ಡಲ್ಲೇ. ಎರಡು ವರ್ಷ ನಿಮ್ಮ ಜೊತೆ ಒಂದೇ ಬೆಂಚಲ್ಲಿ ಕೂತಿದ್ರೂ ಹೇಳಿರಲಿಲ್ಲ. ಇವತ್ತು ಹೇಳ್ತಿದ್ದೀನಿ. ಆ ಸೋರಿಕೆ ಹೇಗೆ ನಿಲ್ಲಿಸಿದ್ವಿ ಅಂತಾನೂ ಹೇಳ್ತೀನಿ, ಪೂರ್ತಿ ಓದಿ.

2/6
ಮೊದಲು ಗಾಡಿ ಹೇಗೆ ಕೆಲಸ ಮಾಡುತ್ತೆ ನೋಡಿ. ಟ್ರ್ಯಾಕ್ಟರ್ ಹಿಂದೆ 4000 ಲೀಟರ್ ಟ್ಯಾಂಕು. ಇಂಜಿನ್ ಬಲದಲ್ಲೇ ಒಂದು ವ್ಯಾಕ್ಯೂಮ್ ಪಂಪು ತಿರುಗುತ್ತೆ. ಪಂಪು ಗಲೀಜನ್ನ ಮುಟ್ಟೋದೇ ಇಲ್ಲ, ಟ್ಯಾಂಕಿನೊಳಗಿನ ಗಾಳಿಯನ್ನ ಮಾತ್ರ ಹೊರಗೆ ಎಳೆಯುತ್ತೆ. ಒಳಗೆ ಒತ್ತಡ ಕಡಿಮೆ ಆದಾಗ ಹೊರಗಿನ ಗಾಳಿಯೇ ಗುಂಡಿಯಲ್ಲಿರೋದನ್ನ ಪೈಪಿನೊಳಗೆ ತಳ್ಳುತ್ತೆ. ಸ್ಟ್ರಾ ಹಾಕಿ ಎಳನೀರು ಕುಡಿದಂಗೆ. (ಸಾರಿ, ಇನ್ಮೇಲೆ ಎಳನೀರು ಕುಡಿಯುವಾಗ ನಾನು ನೆನಪಾಗ್ತೀನಿ.)

ಟ್ಯಾಂಕಿನ ಹಿಂದೆ, ತಳದಲ್ಲಿ 4 ಇಂಚಿನ ಗೇಟ್ ವಾಲ್ವ್. ಚಕ್ರ ತಿರುಗಿಸಿದ್ರೆ ಒಳಗೊಂದು ಬಾಗಿಲು ಮೇಲೆ ಕೆಳಗೆ ಆಡುತ್ತೆ. ಆ ಬಾಗಿಲು ಸರಿಯಾಗಿ ಕೂರದಿದ್ರೆ ಎರಡು ತೊಂದರೆ. ಟ್ಯಾಂಕು ತುಂಬಿದ್ದಾಗ ರೋಡಿಗೆಲ್ಲ ಸೋರುತ್ತೆ. ಖಾಲಿ ಇದ್ದಾಗ ಅಲ್ಲಿಂದ ಗಾಳಿ ನುಗ್ಗುತ್ತೆ, ಗೇಜಿನ ಮುಳ್ಳು ಏರಲ್ಲ, ಪೈಪು ಎಳೆಯಲ್ಲ. ನಮ್ಮ ಗಾಡಿಗೆ ಎರಡೂ ಆಗಿತ್ತು. ಒಂದು ಮನೇಲಿ ಅರ್ಧ ಗುಂಡಿಗೇ ಕೆಲಸ ನಿಂತು, ದುಡ್ಡು ಸಿಗದೆ ಮಾವ ವಾಪಸ್ ಬಂದ್ರು.

3/6
ಟ್ಯಾಂಕು ಖಾಲಿ ಮಾಡ್ಕೊಂಡು ಬಂದು ತೋಟದ ಹತ್ರ ನಿಲ್ಲಿಸಿದ್ವಿ. ವಾಲ್ವ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿದ್ರೆ ಬಾಗಿಲಿಗೆ ಬಟ್ಟೆ ಥರ ಏನೋ ಸಿಕ್ಕಿಕೊಂಡಿದೆ. ಈ ಕಡೆಯಿಂದ ಎಳೆದ್ರೆ ಬರ್ತಿಲ್ಲ. ಸಣ್ಣಗಿರೋನು ನಾನೇ. ಟ್ಯಾಂಕ್ ಮೇಲಿನ ಮುಚ್ಚಳ ತೆಗೆದು, "ಮಾವ, ನಾನು ಒಳಗೆ ಇಳೀತೀನಿ, ಎರಡೇ ನಿಮಿಷ" ಅಂದೆ. ಒಂದು ಕಾಲು ಆಗ್ಲೇ ಒಳಗಿತ್ತು.

ಮಾವ ಕಾಲರ್ ಹಿಡಿದು ಎಳೆದ್ರು. ಯಾವತ್ತೂ ಬೈಯದ ಮನುಷ್ಯ. "ವಾಲ್ವು ಇನ್ನೊಂದು ತರಬೌದು ಕಣ್ಲಾ. ನಿನ್ ಹೆಚ್ಚುಕಮ್ಮಿ ಆದ್ರೆ ಅಕ್ಕಂಗೆ ನಾನೇನ್ ಹೇಳ್ಲಿ?" ಅಂದ್ರು. ಅವರ ಕೈ ನಡುಗ್ತಿತ್ತು.

4/6
ಖಾಲಿ ಟ್ಯಾಂಕಲ್ಲಿ ಏನಿರುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ತಳದಲ್ಲಿ ಉಳಿದ ಕೆಸರು ಸಾಕು. ಅದನ್ನ ಕಲಕಿದ್ರೆ ಹೈಡ್ರೋಜನ್ ಸಲ್ಫೈಡ್ ಏಳುತ್ತೆ. ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದ್ರೆ ಮೂಗೇ ಸತ್ತುಹೋಗುತ್ತೆ, ವಾಸನೆ ಗೊತ್ತಾಗೋದೇ ಇಲ್ಲ. ವಾಸನೆ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ. ಒಬ್ಬ ಬಿದ್ದ ಅಂತ ಎತ್ತೋಕೆ ಇಳಿದೋನೂ ಬೀಳ್ತಾನೆ. ಪೇಪರಲ್ಲಿ ಓದಿರ್ತೀರಿ, ಒಂದೇ ಗುಂಡಿಯಲ್ಲಿ ಇಬ್ಬರು ಮೂವರು.

ಸುರಕ್ಷತೆ ಇಲ್ಲದೆ ಮನುಷ್ಯರನ್ನ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ನಾನು ಒಂದು ತುಂಡು ಬಟ್ಟೆಗೋಸ್ಕರ ಇಳಿಯೋಕೆ ಹೊರಟಿದ್ದೆ.

5/6
ಎಲ್ಲಾ ಹೊರಗಿನಿಂದಲೇ ಮಾಡಿದ್ವಿ. ಮೂರು ಸಲ ನೀರು ತುಂಬಿ ತೊಳೆದು, ಮೇಲಿನ ಮುಚ್ಚಳ ತೆಗೆದೇ ಬಿಟ್ವಿ. ಮಾರನೇ ದಿನ ವಾಲ್ವ್ ಬಿಚ್ಚೋಕೆ ಕೂತ್ವಿ. 8 ಬೋಲ್ಟಲ್ಲಿ ಎರಡು ತುಕ್ಕು ಹಿಡಿದು ಅಲ್ಲಾಡ್ಲಿಲ್ಲ. ನಾನು ಗ್ರೈಂಡರ್ ತರೋಕೆ ಎದ್ದೆ. ಮತ್ತೆ ಬೈಗುಳ! ಒಳಗೆ ಮೀಥೇನ್ ಉಳಿದಿದ್ರೆ ಒಂದು ಕಿಡಿ ಸಾಕು. ಹ್ಯಾಕ್ಸಾ ಬ್ಲೇಡಿಗೆ ನೀರು ಬಿಡ್ತಾ ನಿಧಾನಕ್ಕೆ ಕುಯ್ದೆ. ಒಂದೂವರೆ ಗಂಟೆ, ಅಂಗೈಯೆಲ್ಲ ಬೊಬ್ಬೆ.

ವಾಲ್ವ್ ಕಳಚಿದ ಮೇಲೆ ಪಕ್ಕಕ್ಕೆ ನಿಂತು, ಉದ್ದನೆ ಕೊಕ್ಕೆಯಿಂದ ಎಳೆದ್ವಿ. ಬಂದಿದ್ದು ಒಂದು ಜೀನ್ಸ್ ಕಾಲು, ಸ್ಯಾನಿಟರಿ ಪ್ಯಾಡುಗಳು, ಒಂದು ಟೂತ್‌ಬ್ರಶ್. ಬಾಗಿಲು ಕೂರೋ ಗಾಡಿಯಲ್ಲಿ ಮರಳು ಗಟ್ಟಿಯಾಗಿತ್ತು. ಸ್ಪಿಂಡಲ್ ಥ್ರೆಡ್ ಸವೆದು ಚಕ್ರ ಸುಮ್ಮನೆ ಸುತ್ತುತ್ತಿತ್ತು. ಹಳೇದು ಉಳಿಯಲ್ಲ ಅಂತ ಮಾವ ಮೈಸೂರಿಗೆ ಹೋಗಿ ಹೊಸ ವಾಲ್ವ್ ತಂದ್ರು.

ಇನ್ನು ನನ್ನ ಕೆಲಸ. ರಬ್ಬರ್ ಶೀಟನ್ನ ಫ್ಲ್ಯಾಂಜ್ ಮೇಲಿಟ್ಟು, ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಚ್ಚು ತೆಗೆದು ಗ್ಯಾಸ್ಕೆಟ್ ಕತ್ತರಿಸಿದೆ. ಬೋಲ್ಟುಗಳನ್ನ ಒಂದರ ಪಕ್ಕ ಒಂದು ಬಿಗಿಯಲಿಲ್ಲ, ಎದುರುಬದುರು ಬಿಗಿದೆ. ಒಂದು ಕಡೆಯಿಂದ ಬಿಗೀತಾ ಹೋದ್ರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ. ವಾಲ್ವ್ ಮೂತಿಗೆ ಚೈನು ಕಟ್ಟಿದ ಒಂದು ಮುಚ್ಚಳವನ್ನೂ ಹಾಕಿದ್ವಿ. ಬಾಗಿಲು ಕೈಕೊಟ್ರೂ ರೋಡಿಗೆ ಬೀಳಬಾರದು.

ರಾತ್ರಿ ಆ ಮುಚ್ಚಳ ತೆಗೆದು, ಟ್ಯಾಂಕಿಗೆ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿ ಮಲಗಿದ್ವಿ. ಬೆಳಗ್ಗೆ ಪೇಪರ್ ಒಣಗೇ ಇತ್ತು. ಮಾವ ಅದನ್ನ ಎರಡು ಸಲ ಮುಟ್ಟಿ ನೋಡಿದ್ರು. ಏನೂ ಮಾತಾಡ್ಲಿಲ್ಲ, ನನಗೊಂದು ಟೀ ಹೇಳಿದ್ರು.

6/6
ಸ್ಟೋರಿ ಹಾಕಿದ ಗೆಳೆಯನ ಮೇಲೆ ನಂಗೆ ಕೋಪ ಇಲ್ಲ. ಸೋರಿದ್ದು ನಿಜ, ತಪ್ಪು ನಮ್ಮದು. ಆದ್ರೆ ಆ ಎಮೋಜಿ ಹಾಕಿದ ನನ್ನ ಬೆರಳಿನ ಮೇಲೆ ಕೋಪ ಇದೆ.

ನಿಮ್ಮಿಂದ ಎರಡೇ ಸಹಾಯ. ಪ್ಯಾಡು, ಬಟ್ಟೆ, ಪ್ಲಾಸ್ಟಿಕ್ ಕಮೋಡಿಗೆ ಹಾಕ್ಬೇಡಿ, ಪೇಪರಲ್ಲಿ ಸುತ್ತಿ ಕಸಕ್ಕೆ ಕೊಡಿ. ನೀವು ಫ್ಲಶ್ ಮಾಡಿದ್ದು ಯಾರದೋ ವಾಲ್ವಿಗೆ ಬಂದು ಸಿಕ್ಕಿಕೊಳ್ಳುತ್ತೆ. ಇನ್ನೊಂದು, ನಿಮ್ಮನೆ ಗುಂಡಿ ಹತ್ರ ಯಾರಾದ್ರೂ "ಎರಡೇ ನಿಮಿಷ, ಇಳೀತೀನಿ" ಅಂದ್ರೆ ಕಾಲರ್ ಹಿಡಿದು ಎಳೀರಿ.

ನಾಳೆ ಭಾನುವಾರ, ಗಾಡಿ ಮೇಲೆ ನಾನೂ ಇರ್ತೀನಿ. ಬಸ್ ಸ್ಟ್ಯಾಂಡ್ ಹತ್ರ ಕಂಡ್ರೆ ಕೈ ಎತ್ತಿ. ಬೇಕಾದ್ರೆ ಸ್ಟೋರಿನೂ ಹಾಕಿ, ಈ ಸಲ ನನ್ನ ಟ್ಯಾಗ್ ಮಾಡಿ.

#ಬನ್ನೂರು #ನಮ್ಮಗಾಡಿ #ಫಿಟ್ಟರ್‌ಹುಡುಗ #ಗುಂಡಿಗೆಇಳೀಬೇಡಿ