ಸೊನ್ನೆ ಇರುವ ಕಾಲಂ

ಪುಟ ತೆರೆದ ಕೂಡಲೇ ನನ್ನ ಕಣ್ಣು ಹೋಗುವುದು ಹೋಮೋಜೈಗಸ್ ಎಂಬ ಕಾಲಂಗೆ. ಅಲ್ಲಿ ಸೊನ್ನೆ ಕಂಡರೆ ಕುರ್ಚಿ ಮುಂದಕ್ಕೆಳೆದು ಕೂರುತ್ತೇನೆ.

ಒಂದು ಜೀನನ್ನು ಕೆಡಿಸಿದರೆ ಇಲಿ ಬದುಕುತ್ತದೆಯೇ ಎಂದು ಹುಡುಕುವುದು ನನ್ನ ಕೆಲಸದ ಒಂದು ಭಾಗ. ಕೆಲಸ ಮುಗಿದ ರಾತ್ರಿಗಳಲ್ಲೂ ನನಗೆ ಇದೇ ಇಷ್ಟ. 2011ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಮೌಸ್ ಫಿನೋಟೈಪಿಂಗ್ ಕನ್ಸಾರ್ಷಿಯಂನಲ್ಲಿ ಹಲವು ದೇಶಗಳ ಪ್ರಯೋಗಾಲಯಗಳಿವೆ. ಜೀನುಗಳನ್ನು ಒಂದೊಂದಾಗಿ ಕೆಡಿಸಿ, ಸಿಕ್ಕ ಅಂಕಿಗಳನ್ನೆಲ್ಲ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ಜೀನಿನ ಹೆಸರು ಟೈಪ್ ಮಾಡಿದರೆ ಸಾಕು, ಅದರ ಪುಟ ತೆರೆದುಕೊಳ್ಳುತ್ತದೆ. ಆ ಧಾರಾಳತನಕ್ಕೆ ನಾನು ಮನಸೋತಿದ್ದೇನೆ.

ಲೆಕ್ಕ ಮೆಂಡೆಲ್‌ನದೇ. ಒಂದು ಪ್ರತಿ ಕೆಟ್ಟು ಇನ್ನೊಂದು ಸರಿಯಿರುವ ಗಂಡು ಹೆಣ್ಣು ಕೂಡಿದರೆ ನಾಲ್ಕರಲ್ಲೊಂದು ಮರಿಗೆ ಎರಡೂ ಕೆಟ್ಟ ಪ್ರತಿಗಳೇ ಬರಬೇಕು; ಹೋಮೋಜೈಗಸ್ ಕಾಲಂನಲ್ಲಿ ಎಣಿಸುವುದು ಅಂಥ ಮರಿಗಳನ್ನೇ. 28 ಮರಿಗಳಲ್ಲಿ 7. ಕಿವಿಯದೋ ಬಾಲದ್ದೋ ಚೂರಿನಿಂದ ಡಿಎನ್‌ಎ ತೆಗೆದು ನೋಡಿದಾಗ, ಕನಿಷ್ಠ 28 ಮರಿಗಳಲ್ಲಿ ಅಂಥದ್ದು ಒಂದೂ ಸಿಗದಿದ್ದರೆ ಜೀನಿಗೆ ‘ಲೀಥಲ್’ ಎಂಬ ಗುರುತು ಬೀಳುತ್ತದೆ. ಸಿಕ್ಕರೂ ಎಂಟರಲ್ಲೊಂದಕ್ಕಿಂತ ಕಡಿಮೆಯಾದರೆ ‘ಸಬ್‌ವಯಬಲ್’. ಬರಿಯ ಆಕಸ್ಮಿಕದಿಂದ 28ರಲ್ಲಿ ಒಂದೂ ಬಾರದಿರುವ ಸಂಭವ ಹತ್ತು ಸಾವಿರಕ್ಕೆ ಸುಮಾರು ಮೂರು. ಒಂದು ರಾತ್ರಿ ಕಾಗದದ ಮೇಲೆ ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸುತ್ತಾ ಹೋಗಿ ಅಲ್ಲಿಗೆ ಮುಟ್ಟಿದೆ. ಅಂದಿನಿಂದ ಸೊನ್ನೆಯ ಮೇಲೆ ಗೌರವ ಹೆಚ್ಚಾಗಿದೆ.

ಈ ಸೊನ್ನೆಗೆ ಶತಮಾನದ ಇತಿಹಾಸವಿದೆ. ಫ್ರಾನ್ಸಿನ ಲೂಸಿಯಾಂ ಕ್ಯೂನೋ ಹಳದಿ ಇಲಿಗಳನ್ನು ಹಳದಿಯೊಂದಿಗೇ ಕೂಡಿಸಿ ನೋಡಿದರು. ಅಪ್ಪಟ ಹಳದಿ ತಳಿ ಸಿಗಲೇ ಇಲ್ಲವೆಂದು 1905ರಲ್ಲಿ ಬರೆದರು. ಹಳದಿ ಎರಡಕ್ಕೆ ಬೇರೆ ಬಣ್ಣದ್ದು ಒಂದು, ಇದು ಅಲ್ಲಿನ ಲೆಕ್ಕ ಎಂದು 1910ರಲ್ಲಿ ಅಮೆರಿಕದ ಕ್ಯಾಸಲ್ ಮತ್ತು ಲಿಟಲ್ ತೋರಿಸಿದರು. ನಾಲ್ಕನೆಯದು ಬಸಿರಲ್ಲೇ ಸಾಯುತ್ತಿತ್ತು.

ಹಾಗೆಂದು ಒಂದೇ ಪುಟ ನೋಡಿ ಏಳುವಂತಿಲ್ಲ, ತಳಿ ಯಾವುದೆಂದು ಕೇಳಲೇಬೇಕು. ಇಜಿಎಫ್‌ಆರ್ ಜೀನ್ ಕೆಟ್ಟರೆ ಒಂದು ತಳಿಯಲ್ಲಿ ಭ್ರೂಣ ಗರ್ಭಕೋಶಕ್ಕೆ ಅಂಟುವ ಹೊತ್ತಿಗೇ ಹೋಗುತ್ತದೆ, ಇನ್ನೊಂದರಲ್ಲಿ ಬಸಿರಿನ ನಡುವೆ, ಮತ್ತೊಂದರಲ್ಲಿ ಮರಿ ಹುಟ್ಟಿ ಮೂರು ವಾರದವರೆಗೂ ಉಳಿಯುತ್ತದೆ. 1995ರಲ್ಲಿ ಬಂದ ಈ ವಿಷಯ ಓದಿದ ಮೇಲೆ, ಹಳೆಯ ಪ್ರಬಂಧಗಳ ಫಲಿತಾಂಶಗಳನ್ನು ಕೂಡಿಟ್ಟಿರುವ ಮೌಸ್ ಜೀನೋಮ್ ಇನ್ಫರ್ಮ್ಯಾಟಿಕ್ಸ್‌ಗೂ ಹೋಗಿ ತಳಿಯ ಹೆಸರು ನೋಡದೆ ನಾನು ಏಳುವುದಿಲ್ಲ.

ಸೊನ್ನೆ ಸಿಕ್ಕ ರಾತ್ರಿ ಮಾಡುವುದು ಇನ್ನೂ ಒಂದಿದೆ: ದಿನಗಳಲ್ಲಿ ಹಿಂದೆ ನಡೆಯುವುದು. ಬಸಿರಿನ 18.5ನೇ ದಿನ, 15.5, 12.5, 9.5. ಆ ಮರಿಗಳು ಕೊನೆಯದಾಗಿ ಎಣಿಕೆಗೆ ಸಿಕ್ಕಿದ್ದು ಯಾವಾಗ? ಮೊನ್ನೆ ಒಂದು ಜೀನಿಗೆ 12.5ಕ್ಕೆ ಬಂದಾಗ ಕಾಲಂನಲ್ಲಿ ಅಂಕಿ ಕಾಣಿಸಿತು, ಆರು. ಪಕ್ಕದಲ್ಲಿ ಚಿತ್ರವೂ ಇತ್ತು. ಬೆರಳು ಇನ್ನೂ ಬಿಡಿಸಿಕೊಳ್ಳದ ಪುಟ್ಟ ಅಂಗೈ, ಕಣ್ಣಿನ ಜಾಗದಲ್ಲಿ ಆಗಲೇ ಕಪ್ಪಗಾಗಿದ್ದ ಒಂದು ಚುಕ್ಕೆ.